ಕಿಟಕಿ ಪಕ್ಕದ ಟೊಳ್ಳು ಕಲ್ಲು

ಆ ಮನೆಯ ಮುಂಗೋಡೆಯಲ್ಲಿ ಒಟ್ಟು ಇನ್ನೂರ ಹದಿನಾಲ್ಕು ಕಲ್ಲುಗಳಿದ್ದವು, ಅವುಗಳಲ್ಲಿ ಒಂದೂ ಕಲ್ಲಲ್ಲ. ಇಟ್ಟಿಗೆ ಗೋಡೆಯ ಮೇಲೆ ಮೂರು ಪದರ ಗಾರೆ ಬಳಿದು, ಮೇಲಿನ ಪದರ ಇನ್ನೂ ಹಸಿಯಿರುವಾಗಲೇ ಗೆರೆ ಕೊರೆದು, ಮುದುಡಿದ ಎಣ್ಣೆಕಾಗದ ಒತ್ತಿ ಒರಟು ಮೈ ಬರಿಸಿ, ಒಂದಕ್ಕೆ ಬೂದು, ಒಂದಕ್ಕೆ ತಿಳಿಗೆಂಪು, ಇನ್ನೊಂದಕ್ಕೆ ಜೇನಿನ ಬಣ್ಣ ಹಚ್ಚಿ ಯಾರೋ ಪುಣ್ಯಾತ್ಮ ಬಹಳ ಹಿಂದೆ ಮಾಡಿಟ್ಟುಹೋದ ಕಣ್ಕಟ್ಟು ಅದು. ಬೀದಿಯಲ್ಲಿ ನಿಂತು ನೋಡಿದರೆ ಕೋಟೆಯ ಗೋಡೆಯೇ. ಹತ್ತಿರ ಹೋಗಿ ಬೆರಳ ಗೆಣ್ಣಿನಿಂದ ಬಡಿದರೆ ಗುಟ್ಟು ಬಯಲಾಗುತ್ತಿತ್ತು.

ಇಂಥ ಗೋಡೆಗಳನ್ನು ನೋಡಿಕೊಳ್ಳಬಲ್ಲವನು ಆ ಊರಿನಲ್ಲಿ ಒಬ್ಬನೇ ಉಳಿದಿದ್ದ. ಅವನಿಗೆ ಜನ ಇಟ್ಟ ಹೆಸರು ಟೊಕ್‌ಟೊಕ್ ಮೇಸ್ತ್ರಿ. ಯಾವ ಮನೆಗೆ ಹೋದರೂ ಮೊದಲು ಸುತ್ತಿಗೆಯನ್ನು ತಿರುಗಿಸಿ ಹಿಡಿದು, ಅದರ ಮರದ ಹಿಡಿಯಿಂದ ಒಂದೊಂದೇ ಕಲ್ಲನ್ನು ಬಡಿದು, ತಲೆ ಓರೆ ಮಾಡಿ ಕೇಳುತ್ತಿದ್ದ. ಗಟ್ಟಿಯಾಗಿ ಕೂತ ಕಲ್ಲು ಟಕ್ ಎನ್ನುತ್ತದೆ. ಹಿಂದಿನ ಗೋಡೆಯಿಂದ ಬಿಟ್ಟುಕೊಂಡ ಕಲ್ಲು ಡಬ್ ಎನ್ನುತ್ತದೆ. ಎರಡರ ನಡುವೆ ಇನ್ನೂ ಏಳೆಂಟು ಬಗೆಯ ಸದ್ದುಗಳಿವೆ ಎಂದು ಅವನು ಹೇಳುತ್ತಿದ್ದ. ಅವು ಅವನ ಕಿವಿಗೆ ಬಿಟ್ಟರೆ ಬೇರೆ ಯಾರ ಕಿವಿಗೂ ಬೀಳುತ್ತಿರಲಿಲ್ಲ, ಹಾಗಾಗಿ ಯಾರೂ ವಾದಕ್ಕೆ ಹೋಗುತ್ತಿರಲಿಲ್ಲ.

ನಕಲಿ ಕಲ್ಲಿಗೇನು ಮಹಾ ಆರೈಕೆ ಎಂದು ಮೂಗು ಮುರಿಯುವವರಿದ್ದಾರೆ. ಅಸಲಿ ಕಲ್ಲನ್ನು ಬಿಸಿಲಿಗೆ ಮಳೆಗೆ ಬಿಟ್ಟು ಮರೆತುಬಿಡಬಹುದು, ಅದಕ್ಕೆ ತನ್ನ ಮೇಲೆ ತನಗೆ ಭರವಸೆಯಿದೆ. ನಕಲಿಗೆ ಅದಿಲ್ಲ. ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಯಾರಾದರೂ ಬಂದು ಮಾತಾಡಿಸಬೇಕು. ಮೆತ್ತನೆಯ ಬ್ರಷ್ಷಿನಿಂದ, ಸಾಬೂನು ನೀರಿನಿಂದ, ಕೆಳಗಿನಿಂದ ಮೇಲಕ್ಕೆ ತೊಳೆಯಬೇಕು. ಮೇಲಿನಿಂದ ಕೆಳಕ್ಕೆ ತೊಳೆದರೆ ಒಣ ಗೋಡೆಯ ಮೇಲೆ ಕೊಳೆ ನೀರು ಇಳಿದು, ಅತ್ತ ಮುಖದ ಹಾಗೆ ಗೆರೆ ಉಳಿಯುತ್ತದೆ. ಪಾಚಿಯನ್ನು ಮರದ ಚಕ್ಕೆಯಿಂದ ಕೆರೆಯಬೇಕೇ ಹೊರತು ಕಬ್ಬಿಣ ತಾಗಿಸಬಾರದು. ಕೂದಲೆಳೆಯಷ್ಟು ಬಿರುಕು ಕಂಡರೂ ತುಂಬಬೇಕು, ಏಕೆಂದರೆ ನೀರಿಗೆ ಕೂದಲೆಳೆಯ ದಾರಿ ಸಾಕು. ಎದುರು ಸಾಲಿನ ಮನೆಯವರೊಬ್ಬರು ಇದೆಲ್ಲ ಯಾರಿಗೆ ಬೇಕು ಎಂದು ಕಾರು ತೊಳೆಯುವ ಜೋರು ಪಂಪು ತಂದು ಗೋಡೆಗೆ ಹಿಡಿದರು. ಅರ್ಧ ಗಂಟೆಯಲ್ಲಿ ಗೋಡೆ ಲಕಲಕ ಅಂದಿತು. ಎರಡೇ ಮಳೆಗೆ ಕಲ್ಲುಗಳ ಮುಖವೆಲ್ಲ ಚಕ್ಕೆಚಕ್ಕೆಯಾಗಿ ಎದ್ದುಬಂತು. ಮೇಸ್ತ್ರಿ ಆ ದಾರಿಯಲ್ಲಿ ಹೋಗುವಾಗಲೆಲ್ಲ ಆ ಮನೆಯತ್ತ ನೋಡದೆ, ಸಂಬಂಧಿಕರ ಅವಮಾನ ಕಂಡವನಂತೆ ತಲೆ ತಗ್ಗಿಸಿ ನಡೆಯುತ್ತಿದ್ದ.

ಇನ್ನೂರ ಹದಿನಾಲ್ಕು ಕಲ್ಲಿನ ಮನೆಯಲ್ಲಿದ್ದವಳು ಕಾಂಪೌಂಡರಮ್ಮ. ಆ ಬೀದಿಯ ಕೊನೆಯ ಸಣ್ಣ ದವಾಖಾನೆಯಲ್ಲಿ ಇಪ್ಪತ್ತೆಂಟು ವರ್ಷ ಔಷಧಿ ಬೆರೆಸಿ ಕೊಟ್ಟವಳು. ಡಾಕ್ಟರು ಸತ್ತು ದವಾಖಾನೆ ಮುಚ್ಚಿದ ಮೇಲೂ ಆಕೆಯ ಅಡುಗೆಮನೆಯ ಒಂದು ಮೂಲೆಯಲ್ಲಿ ಸ್ಪಿರಿಟ್ ಒಲೆ, ತೂಕದ ತಟ್ಟೆ, ಸಣ್ಣ ಸೀಸೆಗಳ ಸಾಲು ಉಳಿದುಕೊಂಡವು. ಬೀದಿಯವರ ಕೆಮ್ಮು, ಮೈಕೈ ನೋವು, ಸುಟ್ಟ ಗಾಯ, ಎಲ್ಲಕ್ಕೂ ಆಕೆಯೇ ಏನಾದರೊಂದು ಬೆರೆಸಿ, ಸೀಸೆಗೆ ಬಿರಡೆ ಬಿಗಿದು, ಅದರ ಬಾಯನ್ನು ಕರಗಿಸಿದ ಕೆಂಪು ಮೇಣದಲ್ಲಿ ಅದ್ದಿ ಕೊಡುತ್ತಿದ್ದಳು. ಇಷ್ಟು ಸಣ್ಣ ಸೀಸೆಗೆ ಇಷ್ಟೊಂದು ಭದ್ರ ಯಾಕೆ ಎಂದು ಯಾರಾದರೂ ಕೇಳಿದರೆ, ಗಾಳಿ ಹೋಗದಿದ್ದರೆ ಯಾವುದೂ ಕೆಡುವುದಿಲ್ಲ ಎನ್ನುತ್ತಿದ್ದಳು. ಮದುವೆಯಾಗಿರಲಿಲ್ಲ. ಹಾಸಿಗೆ ಹಿಡಿದ ಅಪ್ಪನನ್ನು ಹನ್ನೆರಡು ವರ್ಷ ನೋಡಿಕೊಂಡಳು, ಅವನು ಹೋಗುವ ಹೊತ್ತಿಗೆ ಹೆಣ್ಣು ಕೇಳಿ ಬರುವವರೂ ಹೋಗಿದ್ದರು. ಅದನ್ನು ಆಕೆ ಯಾರ ಮುಂದೆಯೂ ಹೇಳಿಕೊಂಡವಳಲ್ಲ.

ಮೇಸ್ತ್ರಿ ಆ ಮನೆಗೆ ಮೊದಲು ಬಂದದ್ದು ಹದಿನೈದು ವರ್ಷದ ಹಿಂದೆ. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಗಳು ಮದುವೆಯಾಗಿ ಬೇರೆ ಊರು ಸೇರಿದ್ದಳು. ಅವನು ಒಂದು ಬಣ್ಣದಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ, ಮಾತು ಮರೆತವನ ಹಾಗೆ ಬದುಕಿದ್ದ. ಆಗ ಗೋಡೆಯಲ್ಲಿ ನಲವತ್ತೊಂದು ಕಲ್ಲು ಟೊಳ್ಳಾಗಿದ್ದವು. ಮೂರು ವಾರದ ಕೆಲಸ. ಕಿತ್ತ ಜಾಗಕ್ಕೆ ನೀರು ಕುಡಿಸಿ, ಹೊಸ ಗಾರೆ ಬಡಿದು, ಹಳೆಯ ಕಲ್ಲಿನ ಬಣ್ಣ ಬರುವ ತನಕ ಇದ್ದಿಲ ಪುಡಿ, ಇಟ್ಟಿಗೆ ಪುಡಿ ಬೆರೆಸಿ ಬೆರೆಸಿ ನೋಡುತ್ತಿದ್ದ. ಆಕೆ ಅಡುಗೆಮನೆಯ ಕಿಟಕಿಯಿಂದ ಅವನಿಗೆ ಚಹಾ ಕೊಡುತ್ತಿದ್ದಳು. ಬಣ್ಣ ಬೆರೆಸುವುದನ್ನು ನೋಡಿ, ನಮ್ಮಿಬ್ಬರದೂ ಒಂದೇ ಕೆಲಸ, ಒಂದು ಚಿಟಿಕೆ ಹೆಚ್ಚಾದರೆ ಎಲ್ಲ ಹಾಳು ಎಂದಳು. ಆ ಒಂದು ಮಾತನ್ನು ಅವನು ಆ ದಿನ ಕೋಣೆಗೆ ಹೋದ ಮೇಲೆ ಎಷ್ಟು ಸಲ ನೆನೆಸಿಕೊಂಡನೋ ಲೆಕ್ಕವಿಲ್ಲ. ಮೊದಲ ವಾರ ಚಹಾ ಕುಡಿದು ಲೋಟ ಹಿಂದಿರುಗಿಸುತ್ತಿದ್ದವನು ಎರಡನೆಯ ವಾರ ಲೋಟ ಹಿಡಿದುಕೊಂಡೇ ನಿಲ್ಲುತ್ತಿದ್ದ. ಮೂರನೆಯ ವಾರ, ಕೆಲಸ ಮುಗಿಯುತ್ತ ಬಂದಂತೆ, ಅವನು ದಿನಕ್ಕೆ ಒಂದೇ ಕಲ್ಲು ಮುಗಿಸತೊಡಗಿದ.

ಕೊನೆಯ ದಿನ ಒಂದೇ ಕಲ್ಲು ಉಳಿದಿತ್ತು. ಅಡುಗೆಮನೆ ಕಿಟಕಿಯ ಪಕ್ಕದ್ದು, ಚಹಾ ತಟ್ಟೆಯಷ್ಟು ದೊಡ್ಡದು, ಜೇನಿನ ಬಣ್ಣದ್ದು. ಒಣ ಇಟ್ಟಿಗೆಗೆ ನೀರು ಕುಡಿಸದೆ ಗಾರೆ ಬಡಿದರೆ ಅದು ಕಚ್ಚಿಕೊಳ್ಳುವುದಿಲ್ಲ. ಇದು ಮೊದಲ ದಿನ ಕೆಲಸಕ್ಕೆ ಬಂದವನಿಗೂ ಗೊತ್ತಿರುವ ವಿಷಯ. ಮೂವತ್ತು ವರ್ಷ ಕರಣೆ ಹಿಡಿದ ಕೈ ಆವತ್ತು ನೀರಿನ ಡಬ್ಬವನ್ನು ಪಕ್ಕಕ್ಕೆ ಸರಿಸಿ, ಒಣ ಇಟ್ಟಿಗೆಯ ಮೇಲೆ ಗಾರೆ ಬಡಿಯಿತು. ಮೇಲಿನ ಸಂದನ್ನೂ ಪೂರ್ತಿ ತುಂಬಲಿಲ್ಲ. ಕಲ್ಲು ನೋಡಲು ಲಕ್ಷಣವಾಗಿಯೇ ಬಂತು. ಎರಡು ದಿನ ಬಿಟ್ಟು ನೋಡಲು ಬಂದಾಗ ಬಡಿದು ಕೇಳಿದ. ಡಬ್ ಅಂದಿತು.

“ಇದೊಂದು ಯಾಕೋ ಟೊಳ್ಳು ಉಳ್ಕೊಂಡಿದೆ,” ಅಂದ, ಅವಳ ಮುಖ ನೋಡದೆ. “ಈಗ್ಲೇ ತೆಗೆದ್ರೆ ಪಕ್ಕದವೂ ಅಲುಗಾಡ್ತವೆ. ಮುಂದಿನ ವರ್ಷ ಬಂದು ನೋಡ್ತೀನಿ.”

“ಆಗ್ಲಿ, ಮುಂದಿನ ವರ್ಷ ನೋಡಿ,” ಅಂದಳು ಆಕೆ.

ಹೀಗೆ ಶುರುವಾದದ್ದು ಹದಿನೈದು ವರ್ಷ ನಡೆಯಿತು. ಪ್ರತಿ ವರ್ಷ ಮಳೆಗೆ ಮುಂಚೆ ಆಕೆಯ ಫೋನ್ ಬರುತ್ತಿತ್ತು. ಮೋಡ ಕಾಣಿಸ್ತಿದೆ ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಇವನು ಮಾರನೆಯ ದಿನವೇ ಚೀಲ ಹೊತ್ತು ಹಾಜರು. ಎರಡು ದಿನ ತೊಳೆಯುವುದು, ಒಂದು ದಿನ ಬಡಿದು ಕೇಳುವುದು, ಒಂದು ದಿನ ಬಿರುಕು ತುಂಬುವುದು. ನಾಲ್ಕು ದಿನಕ್ಕಿಂತ ಹೆಚ್ಚು ಹಿಗ್ಗಿಸಲು ಆ ಗೋಡೆ ಒಪ್ಪುತ್ತಿರಲಿಲ್ಲ, ಅಷ್ಟು ಚೆನ್ನಾಗಿ ಅವನೇ ಅದನ್ನು ಇಟ್ಟಿದ್ದ. ಕೊನೆಯಲ್ಲಿ ಕಿಟಕಿ ಪಕ್ಕದ ಕಲ್ಲಿಗೆ ಬರುತ್ತಿದ್ದ. ದೊಡ್ಡ ಡಾಕ್ಟರನ ಗಾಂಭೀರ್ಯದಲ್ಲಿ ಬಡಿದು, ಕಿವಿಯಿಟ್ಟು, ಇನ್ನೊಂದು ವರ್ಷ ತಡೆಯುತ್ತೆ, ಮುಂದಿನ ವರ್ಷ ನೋಡೋಣ ಎನ್ನುತ್ತಿದ್ದ. ಆಗ್ಲಿ ಎಂದು ಆಕೆ ಕಿಟಕಿಯೊಳಗಿಂದ ಹೇಳುತ್ತಿದ್ದಳು. ಆ ಒಂದು ಆಗ್ಲಿಯನ್ನು ಕಟ್ಟಿಕೊಂಡು ಹೋಗಿ ಅವನು ಮುನ್ನೂರ ಅರವತ್ತೊಂದು ದಿನ ಕಳೆಯುತ್ತಿದ್ದ.

ಬೇರೇನೂ ಹೇಳಲಿಲ್ಲವೇ ಎಂದರೆ, ಇಲ್ಲ. ಆಕೆಯನ್ನು ಏನೆಂದು ಕರೆಯುವುದು ಎಂಬಲ್ಲೇ ಅವನ ಗಾಡಿ ನಿಂತುಬಿಟ್ಟಿತ್ತು. ಊರಿನ ಎಲ್ಲ ಹೆಂಗಸರನ್ನೂ ಅಮ್ಮಾವ್ರೇ ಎನ್ನುತ್ತಿದ್ದವನಿಗೆ ಆಕೆಯನ್ನು ಹಾಗೆ ಕರೆಯಲು ನಾಲಿಗೆ ಹೊರಳಲಿಲ್ಲ. ಮೇಡಂ ಎಂದರೆ ನಡುವೆ ಇನ್ನೊಂದು ಗೋಡೆ ಎದ್ದಂತೆ. ಹೆಸರು ಹಿಡಿಯುವ ಮಾತೇ ಇಲ್ಲ. ಹಾಗಾಗಿ ಹದಿನೈದು ವರ್ಷವೂ ಏನೂ ಕರೆಯದೆ, ಪ್ರತಿ ಮಾತನ್ನೂ ‘ಅದೇನಂದ್ರೆ’ ಎಂದು ಶುರು ಮಾಡಿ ದಿನ ದೂಡಿದ.

ಸಿಮೆಂಟು ಚರ್ಮ ತಿನ್ನುತ್ತದೆ. ಅವನ ಬೆರಳುಗಳೆಲ್ಲ ಬೇಸಿಗೆಯ ಕೆರೆಯ ಅಂಗಳದಂತೆ ಬಿರುಕು ಬಿಟ್ಟಿದ್ದವು. ಎರಡನೆಯ ವರ್ಷ ಅದನ್ನು ನೋಡಿ ಆಕೆ ಒಂದು ಸೀಸೆ ಎಣ್ಣೆ ಮಾಡಿ, ಬಾಯಿಗೆ ಕೆಂಪು ಮೇಣ ಹಾಕಿ ಕೊಟ್ಟಳು. ಅವನು ಅದನ್ನು ಕೋಣೆಗೆ ತಂದು ಬೆಳಕಿಗೆ ಹಿಡಿದು ನೋಡಿದ. ಮೇಣದ ಮೇಲೆ ಆಕೆಯ ಹೆಬ್ಬೆರಳಿನ ಗುರುತು ಮೂಡಿತ್ತು. ಅದನ್ನು ಒಡೆಯಲು ಮನಸ್ಸು ಬಾರದೆ ಹಾಗೇ ಬೀರುವಿನಲ್ಲಿಟ್ಟ. ಮರುವರ್ಷ ಅವನ ಕೈ ನೋಡಿ, ಹಚ್ಚಿದಿರಾ ಎಂದು ಕೇಳಿದಳು. ಹಚ್ಚಿದೆ ಎಂದ. ಆಕೆ ಹುಬ್ಬು ಗಂಟಿಕ್ಕಿ, ಈ ಸಲ ಸ್ವಲ್ಪ ಗಟ್ಟಿ ಮಾಡಿಕೊಡ್ತೀನಿ ಎಂದಳು. ವರ್ಷ ವರ್ಷ ಔಷಧಿ ಗಟ್ಟಿಯಾಗುತ್ತ ಹೋಯಿತು, ಕೈ ಮಾತ್ರ ಹಾಗೇ ಇತ್ತು. ಬೀರುವಿನಲ್ಲಿ ಈಗ ಹದಿನಾಲ್ಕು ಸೀಸೆಗಳು ಸಾಲಾಗಿ ನಿಂತಿದ್ದವು.

ಆದರೆ ಇಷ್ಟೂ ವರ್ಷ ಒಂದು ಹೆದರಿಕೆ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು. ಟೊಳ್ಳು ಕಲ್ಲಿನ ಮೇಲಿನ ಸಂದಿನಿಂದ ನೀರಿಳಿಯುತ್ತದೆ. ಇಳಿದ ನೀರಿಗೆ ಹೊರಗೆ ಬರಲು ದಾರಿಯಿರುವುದಿಲ್ಲ. ಅದು ಇಟ್ಟಿಗೆಯನ್ನು ತಿಂದು, ಕಿಟಕಿಯ ಮರದ ಚೌಕಟ್ಟಿಗೆ ಹಬ್ಬಿ, ಸದ್ದಿಲ್ಲದೆ ಗೋಡೆಯನ್ನು ಕೊಳೆಸುತ್ತದೆ. ಇದನ್ನು ಹತ್ತಾರು ಮನೆಗಳಲ್ಲಿ ಕಣ್ಣಾರೆ ಕಂಡವನು ಅವನು. ತನ್ನ ಆಸೆಗೆ ಅವಳ ಮನೆಯನ್ನು ಅಡ ಇಟ್ಟಿದ್ದೇನೆ ಎಂದು ಪ್ರತಿ ಮಳೆಗೂ ಅನ್ನಿಸುತ್ತಿತ್ತು. ಈ ವರ್ಷ ಹೇಳಿಬಿಡಬೇಕು, ತೆಗೆದು ಸರಿ ಮಾಡಬೇಕು ಎಂದುಕೊಂಡು ಬರುತ್ತಿದ್ದ. ಕಿಟಕಿಯಲ್ಲಿ ಚಹಾ ಲೋಟ ಕಂಡೊಡನೆ ಬಾಯಿಗೆ ಬೀಗ ಬೀಳುತ್ತಿತ್ತು. ಕಲ್ಲನ್ನು ನಡುವಿನಲ್ಲಿ ಬಡಿಯುತ್ತಿದ್ದನೇ ಹೊರತು ಮೇಲಿನ ಸಂದನ್ನು ಕಣ್ಣಿಟ್ಟು ನೋಡುವ ಧೈರ್ಯ ಒಂದು ವರ್ಷವೂ ಮಾಡಲಿಲ್ಲ.

ಈ ವರ್ಷ ಫೋನ್ ಬಂದದ್ದು ಆಕೆಯಿಂದಲ್ಲ, ಆಕೆಯ ತಮ್ಮನಿಂದ.

ತಮ್ಮ ಊರಿನ ಇನ್ನೊಂದು ತುದಿಯಲ್ಲಿ ಸಂಸಾರ ಹೂಡಿದ್ದವನು. ಒಳ್ಳೆಯ ಮನುಷ್ಯ, ಹೊಸದು ಕಂಡರೆ ಮಾತ್ರ ಕೈಕಾಲು ನಿಲ್ಲದು. ಅವನ ಬಗಲಲ್ಲಿ ಯಾವತ್ತೂ ಒಂದು ಕ್ಯಾಟಲಾಗ್ ಇರುತ್ತಿದ್ದುದರಿಂದ ಬೀದಿಯವರು ಅವನನ್ನೇ ಕ್ಯಾಟಲಾಗ್ ಎನ್ನುತ್ತಿದ್ದರು. ಅಪ್ಪನ ಮನೆ ಅಕ್ಕತಮ್ಮ ಇಬ್ಬರಿಗೂ ಸೇರಿದ್ದು. ಈ ಸಲ ಅವನ ಕಣ್ಣು ಗೋಡೆಯ ಮೇಲೆ ಬಿದ್ದಿತ್ತು. ಹಳೆಯದನ್ನೆಲ್ಲ ಕಿತ್ತು ಪ್ಲಾಸ್ಟಿಕ್ ಹಲಗೆ ಹೊಡೆಸುವುದಂತೆ. ಆ ಹಲಗೆಯ ಮೇಲೂ ಕಲ್ಲಿನ ಚಿತ್ರವೇ. ನಕಲಿಯ ನಕಲಿ ಎಂದು ಮೇಸ್ತ್ರಿಗೆ ನಗು ಬರಬೇಕಿತ್ತು, ಬರಲಿಲ್ಲ.

“ನೀವು ಒಂದ್ಸಲ ಬಂದು ನೋಡಿ ಹೇಳಿ ಮೇಸ್ತ್ರಿ,” ಎಂದ ತಮ್ಮ. “ಹೊಸದು ಹಾಕಿದ್ರೆ ಐವತ್ತು ವರ್ಷ ಯಾರೂ ಬಂದು ಮುಟ್ಟೋ ಹಾಗಿಲ್ಲ.”

ಯಾರೂ ಬಂದು ಮುಟ್ಟುವ ಹಾಗಿಲ್ಲ. ಫೋನ್ ಇಟ್ಟ ಮೇಲೆ ಅವನು ಬಹಳ ಹೊತ್ತು ಬೀರುವಿನ ಮುಂದೆ ಕೂತ. ಗೋಡೆ ಹೋದರೆ ತನಗೆ ಆ ಬೀದಿಯಲ್ಲಿ ಏನು ಕೆಲಸ? ಮೋಡ ಕಾಣಿಸ್ತಿದೆ ಎಂದು ಯಾರು ಯಾರಿಗೆ ಹೇಳಬೇಕು? ಐವತ್ತೊಂಬತ್ತು ವರ್ಷದ ಗಂಡಸು, ಹರೆಯದವನ ಹಾಗೆ ಸೀಸೆಗಳನ್ನು ಒಂದೊಂದಾಗಿ ಎಣಿಸುತ್ತ ಕೂತಿದ್ದ. ಅದಕ್ಕೆ ಅವನಿಗೇ ನಾಚಿಕೆಯಾಯಿತು.

ಮಾರನೆಯ ಬೆಳಿಗ್ಗೆ ಹೋದಾಗ ಅಕ್ಕತಮ್ಮ ಇಬ್ಬರೂ ಗೋಡೆಯ ಮುಂದೆ ನಿಂತಿದ್ದರು. ವಾದ ಆಗಲೇ ಅರ್ಧ ದಾರಿ ಮುಟ್ಟಿತ್ತು. ವರ್ಷಾ ವರ್ಷಾ ಈ ತೊಳೆಯೋದು ಬಡಿಯೋದು ಯಾರಿಗೆ ಬೇಕು ಎಂದು ತಮ್ಮ, ಚೆನ್ನಾಗಿರೋ ಗೋಡೆ ಯಾಕೆ ಕೀಳಬೇಕು ಎಂದು ಅಕ್ಕ. ಹೊರಗೆ ಚೆನ್ನಾಗಿ ಕಾಣುತ್ತೆ, ಒಳಗೆ ನೀರು ನಿಂತು ಕೊಳೆತಿದ್ದರೆ ಯಾರಿಗೆ ಗೊತ್ತು ಎಂದು ತಮ್ಮ ಕೇಳಿದ. ಕಾಂಪೌಂಡರಮ್ಮ ಸೆರಗಿಗೆ ಕೈ ಒರೆಸಿಕೊಂಡು ಒಂದು ಪಂಥ ಇಟ್ಟಳು.

“ನಿನಗೆ ಬೇಕಾದ ಒಂದು ಕಲ್ಲು ತೆಗೆಸಿ ನೋಡು. ಹಿಂದೆ ಒದ್ದೆ ಇದ್ರೆ ಇಡೀ ಗೋಡೆ ಕಿತ್ತುಹಾಕು, ನಾನು ಅಡ್ಡ ಬರಲ್ಲ. ಒಣಗಿದ್ರೆ ಈ ಮಾತು ಮತ್ತೆ ಎತ್ತಬೇಡ.”

ತಮ್ಮ ಖುಷಿಯಿಂದ ಗೋಡೆ ಬಡಿಯುತ್ತ ಹೊರಟ. ಟಕ್, ಟಕ್, ಟಕ್. ಬಾಗಿಲಿನ ಪಕ್ಕ ಬಡಿದ, ನೀರಿನ ಕೊಳವೆಯ ಕೆಳಗೆ ಬಡಿದ. ಎಲ್ಲ ಕಡೆಯೂ ಗೋಡೆ ಗಟ್ಟಿಯಾಗಿ ಉತ್ತರ ಕೊಟ್ಟಿತು, ಏಕೆಂದರೆ ಒಂದೊಂದನ್ನೂ ಮೇಸ್ತ್ರಿ ಮಕ್ಕಳಂತೆ ನೋಡಿಕೊಂಡಿದ್ದ. ತಮ್ಮ ಕಿಟಕಿಯ ಕಡೆ ತಿರುಗಿದ. ಬೇಡ, ಅಲ್ಲಿಗೆ ಬೇಡ ಎಂದು ಮೇಸ್ತ್ರಿ ಮನಸ್ಸಿನಲ್ಲೇ ಗೋಗರೆದ. ತಮ್ಮ ಬಡಿದ. ಡಬ್.

ಅದನ್ನು ಕೇಳಲು ಮೇಸ್ತ್ರಿಯ ಕಿವಿ ಬೇಕಿರಲಿಲ್ಲ. ಇದೇ, ಇದನ್ನೇ ತೆಗೀರಿ ಎಂದು ತಮ್ಮ ಮುಖ ಅರಳಿಸಿ, ಒಳಗೆ ಬೆಳಕು ಬಿಟ್ಟು ನೋಡಲು ಟಾರ್ಚು ತರುತ್ತೇನೆಂದು ಬೀದಿಯಲ್ಲಿ ನಿಲ್ಲಿಸಿದ್ದ ಕಾರಿನತ್ತ ಹೋದ.

ಗೋಡೆಯ ಮುಂದೆ ಇಬ್ಬರೇ ಉಳಿದರು. ಮೇಸ್ತ್ರಿ ಚೀಲದಿಂದ ಉಳಿ ತೆಗೆದ, ಮತ್ತೆ ಒಳಗಿಟ್ಟ. ಈ ಕಲ್ಲನ್ನು ತೆಗೆದ ಮೇಲೆ ಆಕೆ ತನ್ನ ಮುಖ ನೋಡುವುದಿಲ್ಲ ಎಂಬುದು ಅವನಿಗೆ ಖಾತ್ರಿಯಾಗಿತ್ತು. ಕೊಳೆತದ್ದು ಕಂಡ ಮೇಲೆ ಹೇಳುವುದಕ್ಕಿಂತ ಮುಂಚೆಯೇ ಹೇಳುವುದು ಮೇಲು. ಇಷ್ಟು ವರ್ಷದ ಚಹಾದ ಋಣಕ್ಕಾದರೂ ಅಷ್ಟು ಮಾಡಬೇಕು ಎಂದುಕೊಂಡ.

“ಅದೇನಂದ್ರೆ,” ಎಂದು ಶುರು ಮಾಡಿದ, “ಈ ಕಲ್ಲು ತಾನಾಗಿ ಟೊಳ್ಳಾಗಿದ್ದಲ್ಲ. ನಾನೇ ಹಾಗೆ ಮಾಡಿದ್ದು. ಬೇಕಂತಲೇ.”

ಆಕೆ ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು.

“ಎಲ್ಲಾ ಸರಿ ಮಾಡಿಬಿಟ್ಟಿದ್ರೆ ಮತ್ತೆ ಬರೋಕೆ ಕಾರಣ ಇರ್ತಿರಲಿಲ್ಲ. ಅದಕ್ಕೇ ಒಂದನ್ನ ಉಳಿಸ್ಕೊಂಡೆ. ಒಳಗೆ ಕೊಳೆತಿರುತ್ತೆ. ತಪ್ಪು ನಂದು. ಕಿಟಕಿ ಚೌಕಟ್ಟು, ಇಟ್ಟಿಗೆ, ಎಲ್ಲಾ ನಾನೇ ಕೂತು ಸರಿ ಮಾಡ್ಕೊಡ್ತೀನಿ. ಆಮೇಲೆ ಈ ಕಡೆ ತಲೆ ಹಾಕಲ್ಲ.”

ಇಷ್ಟು ಮಾತನ್ನು ಅವನು ಆಕೆಯ ಮುಂದೆ ಒಂದೇ ಉಸಿರಿಗೆ ಎಂದೂ ಆಡಿರಲಿಲ್ಲ. ಆಕೆ ಅವನನ್ನು ನೋಡಿದಳು, ಕಲ್ಲನ್ನು ನೋಡಿದಳು. ಆಕೆಯ ಮುಖದಲ್ಲಿ ಕೋಪವಿದೆಯೋ, ಅಸಹ್ಯವಿದೆಯೋ ಅವನಿಗೆ ತಿಳಿಯಲಿಲ್ಲ.

“ಮೊದಲು ತೆಗೀರಿ,” ಎಂದಳು.

ತಮ್ಮ ಟಾರ್ಚು ಹಿಡಿದು ಬಂದ. ಮೇಸ್ತ್ರಿ ಉಳಿಯನ್ನು ಮೇಲಿನ ಸಂದಿಗೆ ಇಟ್ಟ. ಹದಿನೈದು ವರ್ಷದಲ್ಲಿ ಮೊದಲ ಸಲ ಅದನ್ನು ಹತ್ತಿರದಿಂದ ನೋಡಿದ. ಸಂದು ತುಂಬಿತ್ತು. ತಾನು ಅರ್ಧ ಬಿಟ್ಟ ಸಂದು ಪೂರ್ತಿ ತುಂಬಿ, ಗಾರೆಯ ಬಣ್ಣದಲ್ಲೇ ಇತ್ತು. ಇದೇನು ಎಂದು ಉಳಿಯಿಂದ ತಟ್ಟಿದರೆ ಗಾರೆಯಂತೆ ಚೂರಾಗಲಿಲ್ಲ. ಉಳಿ ಮೆತ್ತಗೆ ಒಳಗಿಳಿಯಿತು. ಹೊರಗೆಳೆದಾಗ ಅದರ ತುದಿಗೆ ಏನೋ ಅಂಟಿಕೊಂಡು ಬಂತು. ಮೇಲೆ ಬೂದು, ಧೂಳಿನ ಬಣ್ಣ. ಕತ್ತರಿಸಿದ ಒಳಗಡೆ ಕೆಂಪು.

ಅವನ ಕೈ ನಿಂತುಹೋಯಿತು. ಆ ಕೆಂಪನ್ನು ಅವನು ತನ್ನ ಬೀರುವಿನಲ್ಲಿ ದಿನವೂ ನೋಡುತ್ತಿದ್ದ.

ಏನಾಯ್ತು ಎಂದು ತಮ್ಮ ಅವಸರಿಸಿದ. ಮೇಸ್ತ್ರಿ ಸಂದಿನುದ್ದಕ್ಕೂ ಉಳಿ ಎಳೆದು, ಕಲ್ಲಿನ ಹಿಂದೆ ಮೀಟಿದ. ಮೊದಲೇ ಕಚ್ಚಿಕೊಳ್ಳದ ಕಲ್ಲು ಅಂಚಿನಲ್ಲಿ ಬಿಟ್ಟುಕೊಂಡು ಇಡಿಯಾಗಿ ಕೈಗೆ ಬಂತು. ತಮ್ಮ ಟಾರ್ಚಿನ ಬೆಳಕು ಬಿಟ್ಟ. ಹಿಂದಿನ ಇಟ್ಟಿಗೆ ಮೇಸ್ತ್ರಿ ಗಾರೆ ಬಡಿದ ದಿನ ಹೇಗಿತ್ತೋ ಹಾಗೇ ಇತ್ತು. ಒಣಗಿ, ಬೆಚ್ಚಗೆ, ಬೆರಳಿಟ್ಟರೆ ಪುಡಿ ಅಂಟುವಷ್ಟು ಒಣಗಿ. ತಮ್ಮ ತಾನೇ ಕೈ ಹಾಕಿ ಸವರಿದ, ಮೂಸಿದ, ಕಿಟಕಿಯ ಚೌಕಟ್ಟನ್ನು ಚುಚ್ಚಿ ನೋಡಿದ. ಎಳ್ಳಷ್ಟೂ ತೇವವಿರಲಿಲ್ಲ.

ಆಮೇಲೆ ಅವನ ಕಣ್ಣು ಉಳಿಯ ತುದಿಗೆ ಹೋಯಿತು. ಇದೇನು ಕೆಂಪಗೆ ಎಂದ.

“ಮೇಣ,” ಎಂದಳು ಅಕ್ಕ. “ಬಿರುಕು ಕಾಣಿಸ್ತು. ಪ್ರತಿ ಮಳೆಗಾಲಕ್ಕೂ ಮುಂಚೆ ಕರಗಿಸಿ ಹಾಕ್ತಾ ಬಂದೆ. ಮೇಲೆ ಸ್ವಲ್ಪ ಸಿಮೆಂಟ್ ಧೂಳು ಉಜ್ಜಿದ್ರೆ ಗೊತ್ತಾಗಲ್ಲ. ಕಿಟಕಿಯಿಂದ ಕೈ ಚಾಚಿದ್ರೆ ಎಟುಕುತ್ತೆ.”

ತಮ್ಮನಿಗೆ ಇದರಲ್ಲಿ ಅಂಥ ವಿಶೇಷವೇನೂ ಕಾಣಲಿಲ್ಲ. ಸೀಸೆ ಸಾಲದೆ ಮನೆಗೂ ಮೇಣ ಹಾಕ್ತೀಯಾ ಎಂದು ಅಕ್ಕನನ್ನು ಆಡಿಕೊಂಡು, ಸೋತ ಮುಖದಲ್ಲಿ ಕ್ಯಾಟಲಾಗ್ ಮಡಚಿದ. ಈ ಕಲ್ಲನ್ನಾದರೂ ಈ ಸಲ ಗಟ್ಟಿಯಾಗಿ ಕೂರಿಸಿ ಎಂದು ಮೇಸ್ತ್ರಿಗೆ ಹೇಳಿದ. ತನ್ನ ಮನೆಯ ಸ್ನಾನದ ಕೋಣೆಗೆ ಅದೇ ಹಲಗೆ ಹಾಕಿಸಿದರೆ ಹೇಗೆ ಎಂದು ಯೋಚಿಸುತ್ತ ಕಾರು ಹತ್ತಿದ.

ಮೇಸ್ತ್ರಿ ಕಿತ್ತ ಕಲ್ಲನ್ನು ಮಡಿಲಲ್ಲಿಟ್ಟುಕೊಂಡು ಅಲ್ಲೇ ಕಿಟಕಿಯ ಕೆಳಗೆ ಕೂತುಬಿಟ್ಟ. ಕಲ್ಲಿನ ಮೇಲಂಚಿಗೆ ಮೇಣ ಪದರ ಪದರವಾಗಿ ಅಂಟಿಕೊಂಡಿತ್ತು. ಒಂದು ಬೂದು ಗೆರೆ, ಒಂದು ಕೆಂಪು ಗೆರೆ, ಮತ್ತೆ ಬೂದು, ಮತ್ತೆ ಕೆಂಪು. ಎಣಿಸುತ್ತ ಹೋದ. ಹದಿನಾಲ್ಕು. ತಾನು ಹೋದ ಮೇಲೆ ಪ್ರತಿ ವರ್ಷ ಆಕೆ ಕಿಟಕಿಯಲ್ಲಿ ಬಾಗಿ, ಚಮಚೆಯಲ್ಲಿ ಮೇಣ ಹಿಡಿದು ನಿಂತದ್ದು ಅವನ ಕಣ್ಣಿಗೆ ಕಟ್ಟಿತು.

“ಯಾವಾಗಿಂದ ಗೊತ್ತಿತ್ತು?” ಎಂದು ಕೇಳಿದ, ಕಲ್ಲಿನಿಂದ ಕಣ್ಣೆತ್ತದೆ.

“ಮೊದಲನೇ ಸಲದಿಂದ. ಮಿಕ್ಕ ನಲವತ್ತಕ್ಕೂ ನೀರು ಕುಡಿಸಿದ್ರಿ, ಇದಕ್ಕೆ ಕುಡಿಸಲಿಲ್ಲ. ನಾನು ಕಿಟಕಿಯಲ್ಲೇ ನಿಂತು ನೋಡ್ತಿದ್ದೆ. ಮರೆತಿದ್ದೀರಿ ಅಂದ್ಕೊಂಡೆ. ಮುಂದಿನ ವರ್ಷ ಬಂದವರು ತೆಗೀದೆ, ಮತ್ತೆ ಮುಂದಿನ ವರ್ಷ ನೋಡೋಣ ಅಂದ್ರಲ್ಲ, ಆಗ ಅರ್ಥ ಆಯ್ತು.”

“ಹೇಳಬಹುದಿತ್ತಲ್ಲ.”

“ಹೇಳಿದ್ದಿದ್ರೆ ಸರಿ ಮಾಡಿಬಿಡ್ತಿದ್ರಿ,” ಎಂದಳು ಆಕೆ.

ಬೀದಿಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು. ಮೇಸ್ತ್ರಿಗೆ ಸಂತೋಷವೂ ಆಯಿತು, ಅದಕ್ಕಿಂತ ಹೆಚ್ಚಾಗಿ ಹೊಟ್ಟೆ ಉರಿಯಿತು. ವರ್ಷಕ್ಕೆ ನಾಲ್ಕು ದಿನದ ಹಾಗೆ ಹದಿನೈದು ವರ್ಷ. ಎಲ್ಲ ಸೇರಿಸಿದರೂ ಎರಡು ತಿಂಗಳು. ಗೋಡೆಯ ಆ ಕಡೆ ಒಬ್ಬರು, ಈ ಕಡೆ ಒಬ್ಬರು ನಿಂತು, ಇಬ್ಬರೂ ಒಂದೇ ಕಲ್ಲನ್ನು ಕಾಯುತ್ತ, ಬದುಕಿನ ಹದಿನೈದು ವರ್ಷದಲ್ಲಿ ಎರಡೇ ತಿಂಗಳು ಜೊತೆಗಿದ್ದರು.

“ಅದೇನಂದ್ರೆ,” ಎಂದ, “ಇನ್ನೊಂದು ಹೇಳೋದಿದೆ. ನೀವು ಕೊಟ್ಟ ಔಷಧಿ ಒಂದನ್ನೂ ಹಚ್ಚಿಲ್ಲ. ಹದಿನಾಲ್ಕೂ ಹಾಗೇ ಇವೆ. ಮೇಣ ಒಡೆಯೋಕೆ ಮನಸ್ಸು ಬರಲಿಲ್ಲ.”

ಆಕೆ ಹದಿನಾಲ್ಕು ವರ್ಷ ತನ್ನ ಔಷಧಿಯಲ್ಲೇ ಏನೋ ಕೊರತೆಯಿದೆ ಎಂದು ಹಳೆಯ ಪುಸ್ತಕಗಳನ್ನೆಲ್ಲ ತಿರುವಿಹಾಕಿದ್ದಳಂತೆ, ಕಳೆದ ವರ್ಷದ್ದಂತೂ ಕುದುರೆಯ ಗೊರಸಿಗೂ ಸಾಕಾಗುವಷ್ಟು ಗಟ್ಟಿಯಾಗಿತ್ತಂತೆ. ಹೇಳುತ್ತ ಹೇಳುತ್ತ ಆಕೆಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಕಣ್ಣೊರೆಸಿಕೊಂಡು ಒಳಗೆ ಹೋದವಳು ಒಂದು ಚೊಂಬು ನೀರು ತಂದು ಕಿಟಕಿಯ ಕಟ್ಟೆಯ ಮೇಲಿಟ್ಟಳು.

“ಈ ಸಲ ಕುಡಿಸಿ,” ಎಂದಳು.

ಅವನು ಚೊಂಬನ್ನು ನೋಡಿದ. ಕುಡಿಸಿದರೆ ಕಲ್ಲು ಕಚ್ಚಿಕೊಳ್ಳುತ್ತದೆ. ಕಚ್ಚಿಕೊಂಡರೆ ಅವನ ಕೈಯಲ್ಲಿ ಕಟ್ಟಿದ್ದು ಮೂವತ್ತು ವರ್ಷ ಅಲುಗದು. ಹಾಗೆಂದು ಹೇಳಿಯೂ ಹೇಳಿದ.

“ಕೆಲಸ ಇದ್ರೇನೇ ಬರಬೇಕು ಅಂತ ನಿಮಗೆ ಯಾರು ಹೇಳಿದ್ದು?” ಎಂದಳು ಆಕೆ. ಅಷ್ಟು ಹೇಳಿ ಒಲೆಯ ಮೇಲೆ ಏನೋ ಇದೆಯೆಂಬಂತೆ ಒಳಕ್ಕೆ ತಿರುಗಿದಳು. ಒಲೆ ಹೊತ್ತಿಸಿಯೇ ಇರಲಿಲ್ಲ.

ಅವನು ಇಟ್ಟಿಗೆಗೆ ನೀರು ಕುಡಿಸಿದ. ಒಣಗಿದ ಇಟ್ಟಿಗೆ ಸೊರ್ ಎಂದು ಹೀರಿತು, ಮತ್ತೆ ಕುಡಿಸಿದ, ಸಾಕೆನ್ನುವ ತನಕ ಕುಡಿಸಿದ. ಗಾರೆ ಕಲಸಿ ಬಡಿದು, ಜೇನಿನ ಬಣ್ಣ ಬರುವಂತೆ ಬೆರೆಸಿ, ಮುದುಡಿದ ಕಾಗದ ಒತ್ತಿ, ಸಂದು ತುಂಬಿದ. ಬಹಳ ವರ್ಷದ ಮೇಲೆ ತನ್ನ ಕೆಲಸದ ಮುಂದೆ ತಲೆಯೆತ್ತಿ ನಿಂತ. ಹೊಸ ಗಾರೆಗೆ ಏಳು ದಿನ ನೀರು ಚಿಮುಕಿಸಬೇಕು, ಅದಕ್ಕೆ ನಾನೇ ಬರಲೇ ಎಂದು ಕೇಳುವವನಿದ್ದ. ಅಷ್ಟರಲ್ಲಿ ಆಕೆ, ನೀರು ಚಿಮುಕಿಸೋದು ನಾನು ನೋಡ್ಕೋತೀನಿ ಎಂದುಬಿಟ್ಟಳು. ಇದ್ದ ಒಂದು ನೆಪವೂ ಕೈತಪ್ಪಿತು. ಬೇಕೆಂದೇ ತಪ್ಪಿಸಿದಳು ಎಂಬುದು ಅವನಿಗೆ ಅರ್ಧ ದಾರಿ ನಡೆದ ಮೇಲೆ ಹೊಳೆಯಿತು.

ಆ ಸಂಜೆ ಬೀರು ತೆರೆದು, ಸಾಲಿನ ಮೊದಲ ಸೀಸೆ ಹಾಗೇ ಇರಲೆಂದು ಬಿಟ್ಟು, ಕೊನೆಯದನ್ನು ತೆಗೆದ. ಮೇಣವನ್ನು ಉಗುರಿನಿಂದ ಸುತ್ತಲೂ ಬಿಡಿಸಿ ಬಿರಡೆ ಕಿತ್ತ. ಎಣ್ಣೆ ಕೆಟ್ಟಿರಲಿಲ್ಲ. ಬೆರಳು ಬೆರಳಿಗೂ ಹಚ್ಚಿಕೊಂಡ. ಕುದುರೆಯ ಗೊರಸಿನ ಔಷಧಿ ಚುರುಗುಟ್ಟಿತು.

ಮೂರು ದಿನ ತಡೆದ. ನಾಲ್ಕನೆಯ ದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಚೀಲವಿಲ್ಲದೆ ಹೊರಟ. ಚೀಲವಿಲ್ಲದ ಭುಜ ಒಂದು ಕಡೆ ಮೇಲೆದ್ದಂತೆ ಅನಿಸಿ ನಡಿಗೆಯೇ ಸರಿಹೋಗಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೆನ್ನ ಹಿಂದೆ ಕಟ್ಟಿಕೊಂಡ, ಜೇಬಿಗೆ ತುರುಕಿದ, ಮತ್ತೆ ತೆಗೆದ. ದಾರಿಯುದ್ದಕ್ಕೂ ಒಂದೊಂದು ನೆಪ ಸಿದ್ಧ ಮಾಡಿದ. ಕಲ್ಲು ಹೇಗಿದೆ ನೋಡೋಣ ಅಂತ. ಕರಣೆ ಬಿಟ್ಟುಹೋಗಿದ್ದೆ ಅಂತ. ಈ ಕಡೆ ಬೇರೆ ಕೆಲಸ ಇತ್ತು ಅಂತ.

ಆ ಮನೆಯ ಗೋಡೆಯನ್ನು ಅವನು ಸಾವಿರಾರು ಸಲ ಬಡಿದಿದ್ದ, ಬಾಗಿಲನ್ನು ಒಂದು ಸಲವೂ ಬಡಿದಿರಲಿಲ್ಲ. ಕಿಟಕಿಯ ಪಕ್ಕದ ಹೊಸ ಕಲ್ಲು ಆಗತಾನೇ ಚಿಮುಕಿಸಿದ ನೀರಿನಲ್ಲಿ ಒದ್ದೆಯಾಗಿತ್ತು. ಅದರತ್ತ ನೋಡದೆ ಬಾಗಿಲಿನ ಮುಂದೆ ನಿಂತು, ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿದ.

ಆಕೆ ಬಾಗಿಲು ತೆರೆದಳು. ಮೊದಲು ಅವನ ಖಾಲಿ ಭುಜ ನೋಡಿದಳು, ಆಮೇಲೆ ಎಣ್ಣೆ ಹಚ್ಚಿ ಮೆತ್ತಗಾಗಿದ್ದ ಅವನ ಕೈ ನೋಡಿದಳು.

“ಏನು ಬಂದ್ರಿ?” ಎಂದು ಕೇಳಿದಳು.

ದಾರಿಯಲ್ಲಿ ಸಿದ್ಧ ಮಾಡಿದ್ದ ನೆಪಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು.

“ಸುಮ್ಮನೆ ಬಂದೆ,” ಎಂದ ಮೇಸ್ತ್ರಿ.

ಆಕೆ ಬಾಗಿಲನ್ನು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು.